ಕೈಮರದ ನೀಲಿ ದೀಪ

ಸೀಮೆಎಣ್ಣೆ, ಅಚ್ಚಿನ ಶಾಯಿ, ಅವೆರಡರ ನಡುವೆ ಬುತ್ತಿಯ ಅರಿವೆಯೊಳಗಿಂದ ನುಸುಳಿ ಬರುವ ಶೇಂಗಾ ಚಟ್ನಿಯ ವಾಸನೆ. ಈ ಮೂರೂ ಒಟ್ಟಿಗೆ ನೆನಪಾದರೆ ಸಾಕು, ಲೀಲಕ್ಕನ ಅರವತ್ತಮೂರು ವರ್ಷಗಳು ಕಳಚಿ ಬಿದ್ದು ಎಂಟೇ ಉಳಿಯುತ್ತಿದ್ದವು. ಗದಗಿನ ಸ್ಟೇಷನ್ ರಸ್ತೆಯ ಅಚ್ಚುಕೂಟವೊಂದರಲ್ಲಿ ಅವಳ ಅಪ್ಪ ಗುರುಸಿದ್ದಪ್ಪ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ಸೀಸದ ಒಂದೊಂದು ಅಕ್ಷರವೂ ಒಂದು ಮೊಳೆ. ನೂರಾರು ಗೂಡುಗಳಿದ್ದ ಮರದ ತಟ್ಟೆಯಿಂದ ಮೊಳೆಗಳನ್ನು ಆರಿಸಿ ಸಾಲು ಕಟ್ಟಬೇಕು. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಬಿಚ್ಚಿ, ಪ್ರತಿ ಮೊಳೆಯನ್ನೂ ಅದರ ಗೂಡಿಗೇ ಮರಳಿಸಬೇಕು.

ಮಧ್ಯಾಹ್ನದ ಬುತ್ತಿ ಒಯ್ಯುವುದು ಲೀಲಳ ಪಾಲಿನ ಕೆಲಸ. ಹೊರಡುವಾಗ ಅವ್ವ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಅಪ್ಪನ ಕೈ ಓಡಾಕತ್ತಿದ್ರ ಮಾತಾಡ್ಸು. ಕೈ ನಿಂತಿದ್ರ ಮಾತ್ರ ಮಾತಾಡ್ಸಬ್ಯಾಡ. ಬುತ್ತಿ ಬಾಜೂಕ ಇಟ್ಟು ಸುಮ್ನ ಬಂದ್ಬಿಡು." ಕೆಲಸ ಮಾಡುವಾಗ ಮಾತಾಡಿಸಬಹುದು, ಸುಮ್ಮನೆ ನಿಂತಾಗ ಮಾತಾಡಿಸಬಾರದು ಎಂದರೆ ಏನರ್ಥವೋ ಹುಡುಗಿಗೆ ತಿಳಿಯುತ್ತಿರಲಿಲ್ಲ. ಆದರೂ ಹಾಗೇ ನಡೆದುಕೊಳ್ಳುತ್ತಿದ್ದಳು. ಬುತ್ತಿ ಸರಿಸುವಾಗ ಒಮ್ಮೊಮ್ಮೆ ಅಪ್ಪನ ಬೆರಳು ತಾಗುತ್ತಿತ್ತು. ನಿಂತ ಆ ಕೈ ಬೆಚ್ಚಗಿರುತ್ತಿತ್ತು.

ಆ ಅಚ್ಚುಕೂಟ ಮುಚ್ಚಿ ಅರ್ಧ ಶತಮಾನವಾಯಿತು. ಈಗ ಲೀಲಕ್ಕ ದಿನವೂ ಕೂರುತ್ತಿದ್ದದ್ದು ಊರಂಚಿನ ಹಳೆಯ ಹತ್ತಿ ಗಿರಣಿಯ ದೊಡ್ಡ ಕೋಣೆಯಲ್ಲಿ, ಕೈಮರದ ಎದುರು.

ಕೈಮರ ಬಂದದ್ದಕ್ಕೂ ಒಂದು ಕಥೆಯಿದೆ. ಎಲ್ಲರ ಜಾಲಪುಟಗಳನ್ನೂ ಯಂತ್ರಗಳೇ ಬರೆಯುತ್ತಿದ್ದ ಕಾಲದಲ್ಲಿ, ಒಂದು ಬೇಸಿಗೆ, ಅರ್ಧ ನಾಡಿನ ಪುಟಗಳು ಒಟ್ಟಿಗೇ ಕೆಟ್ಟು ನಿಂತವು. ಬರೆದ ಯಂತ್ರಗಳಿಗೆ ತಮ್ಮ ತಪ್ಪು ಕಾಣಲಿಲ್ಲ. ಒಳಗೇನಿದೆ ಎಂದು ನೋಡುವುದು ಮನುಷ್ಯರಿಗೆ ಮರೆತೇ ಹೋಗಿತ್ತು. ಹನ್ನೊಂದು ದಿನ ಜನ ರೇಷನ್ನಿಗೂ ಆಸ್ಪತ್ರೆಗೂ ಚೀಟಿ ಹಿಡಿದು ಅಲೆದರು. ಅದಾದ ಮೇಲೆ ಹೊಸ ಕಾಯ್ದೆ ಬಂತು: ಜನರ ಉಪಯೋಗದ ಪ್ರತಿ ಪುಟಕ್ಕೂ ಒಬ್ಬ ಮನುಷ್ಯ ಪಾಲಕನಿರಬೇಕು. ಪುಟವನ್ನು ಬಿಚ್ಚಿ ಸಾಲು ಸಾಲು ವಿವರಿಸಲು, ಕೆಟ್ಟರೆ ಕೈಯಾರೆ ಸರಿಮಾಡಲು ಅವರಿಗೆ ಬರಬೇಕು. ಹೀಗೆ ಟೇಲರುಗಳು, ನಿವೃತ್ತ ಮಾಸ್ತರರು, ನೇಕಾರರ ಸೊಸೆಯಂದಿರು ಎಲ್ಲರೂ ಜಾಲಪುಟ ಕಟ್ಟುವುದನ್ನು ಕಲಿಯಲು ಕುಳಿತರು. ಕಲಿಯಲು ಉಪಕರಣಗಳೋ ಸಾವಿರಾರು, ವಿಧಾನಗಳೋ ನೂರಾರು. ಯಾರಿಗೆ ಯಾವುದು? ಅದನ್ನು ಹೇಳುವುದಕ್ಕೇ ಕೈಮರವೆಂಬ ದಾರಿ ತೋರುವ ಯಂತ್ರ ಹುಟ್ಟಿತು.

ಕಲಿಯುವವರು ತೋರುಬೆರಳಿಗೆ ತೆಳುವಾದ ಉಂಗುರ ಹಾಕಿಕೊಳ್ಳಬೇಕು. ಅದು ನಾಡಿ, ಬೆವರು, ಬೆರಳಿನ ಬಿಸಿ, ಕೀಲಿಮಣೆಯ ಮೇಲೆ ಕೈ ಓಡುವ ವೇಗ ಎಲ್ಲವನ್ನೂ ಅಳೆದು ಗಿರಣಿಗೆ ಕಳಿಸುತ್ತದೆ. ಅಲ್ಲಿ ಕೈಮರ ಲಕ್ಷಾಂತರ ಕಲಿಕೆದಾರರ ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತದೆ. ಗೋಡೆಯ ತುಂಬ ದೀಪಗಳು, ಒಬ್ಬೊಬ್ಬರಿಗೆ ಒಂದು. ಕೈ ಓಡುತ್ತಿದ್ದರೆ ಹಸಿರು, ತಡವರಿಸಿದರೆ ಹಳದಿ, ನಾಲ್ಕು ನಿಮಿಷ ನಿಂತರೆ ಕೆಂಪು. ಕೆಂಪಾದೊಡನೆ ಬೇರೊಂದು ಉಪಕರಣದ ಸಲಹೆ ಹೋಗುತ್ತದೆ. ಕೈಮರದಿಂದ ಒಳ್ಳೆಯದಾಗಿದ್ದು ಸುಳ್ಳಲ್ಲ. ಹೊಳೆಆಲೂರಿನ ಅಂಚೆಯಣ್ಣ ಒಬ್ಬರು ಓದಿ ಕಲಿಯಲಾರದವರು. ಅವರು ಕೇಳಿ ಕಲಿಯಬಲ್ಲರೆಂದು ಕೈಮರ ಕಂಡುಹಿಡಿದ ಮೇಲೆ ಎರಡೇ ತಿಂಗಳಲ್ಲಿ ಪುಟಪಾಲಕರಾದರು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಜಾಲಪುಟ ಕಟ್ಟಿ ನಿವೃತ್ತಳಾಗಿದ್ದ ಲೀಲಕ್ಕನಿಗೆ ದೀಪಗಳನ್ನು ನೋಡಿಕೊಳ್ಳುವ ಕೆಲಸ. ಹಸಿರು ಕಂಡರೆ ಅವಳಿಗೆ ಮೊಮ್ಮಕ್ಕಳನ್ನು ಕಂಡಷ್ಟು ಸಂತೋಷ.

ಆ ಸೋಮವಾರ ಬೆಳಿಗ್ಗೆ ಲಕ್ಕುಂಡಿಯ ಖೈರುನ್ನೀಸಾ ನದಾಫ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತಳು. ಅವಳು ಆಶಾ ಕಾರ್ಯಕರ್ತೆ, ಮೂವತ್ತರ ಆಸುಪಾಸಿನವಳು.

"ಲೀಲಕ್ಕಾ, ಕೈಮರ ನನಗ ಎಂಟನೇ ಹತ್ಯಾರ ಕೊಟ್ಟೈತ್ರಿ."

"ಏಳು ಏನಾದುವು?"

"ಏಳೂ ಅರ್ಧರ್ಧ ರೀ. ಏಳು ಮನ್ಯಾಗ ಒಂದೊಂದು ತುತ್ತು ಉಂಡು ಎದ್ದು ಬಂದಂಗ ಆಗೈತಿ. ಹೊಟ್ಟಿ ತುಂಬಲಿಲ್ಲ, ಏಳು ತಾಟು ಎಂಜಲಾತು ಅಷ್ಟ."

ಲೀಲಕ್ಕ ನಕ್ಕಳು. ಖೈರುನ್ನೀಸಾ ನಗಲಿಲ್ಲ. ಅವಳ ಕೈಯಲ್ಲಿ ಒಂದು ನೋಟಿಸಿತ್ತು.

ಅವಳು ಪಾಲಕಿಯಾಗಬೇಕಿದ್ದದ್ದು 'ಹೆರಿಗೆ ಗಾಡಿ' ಎಂಬ ಪುಟಕ್ಕೆ. ಲಕ್ಕುಂಡಿ ಸುತ್ತಿನ ಹದಿನೆಂಟು ಹಳ್ಳಿಗಳಲ್ಲಿ ಯಾರಿಗೆ ನೋವು ಶುರುವಾದರೂ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಹತ್ತಿರದ ಗಾಡಿಗೆ ಸುದ್ದಿ ಹೋಗುತ್ತಿತ್ತು. ಹದಿನೈದು ದಿನಗಳೊಳಗೆ ಪಾಲಕರು ಪರೀಕ್ಷೆ ಪಾಸಾಗದಿದ್ದರೆ ಆ ಪುಟ ಮುಚ್ಚುತ್ತದೆ, ಕರೆಗಳೆಲ್ಲ ದೂರದ ಪಟ್ಟಣದ ಕೇಂದ್ರಕ್ಕೆ ಹೋಗುತ್ತವೆ ಎಂದು ನೋಟಿಸು ಹೇಳುತ್ತಿತ್ತು.

"ಆ ಪ್ಯಾಟಿಯಾಂವಗ ತಿಮ್ಮಾಪುರ ಎಲ್ಲೈತಿ, ಹಳ್ಳ ಬಂದಾಗ ಯಾವ ದಾರಿ ಹಿಡೀಬೇಕು ಅಂತ ಗೊತ್ತೇನ್ರಿ? ಹೋದ ವರ್ಷ ನಲವತ್ತೊಂದು ಕೂಸು ಹುಟ್ಯಾವ್ರಿ ಈ ಗಾಡ್ಯಾಗ ಹೋಗಿ. ನಾ ಫೇಲಾದ್ರ ಫೇಲ್, ಮಾರಿ ಮುಚ್ಕೊಂಡು ಕುಂದರ್ತೀನಿ. ಪುಟ ಮುಚ್ಚಿದ್ರ ಹ್ಯಾಂಗ?"

ಲೀಲಕ್ಕ ಅವಳನ್ನು ಬಾಜು ಕೂರಿಸಿಕೊಂಡು ಆರು ತಿಂಗಳ ದಾಖಲೆ ತೆರೆದಳು. ಹಸಿರು, ಹಸಿರು, ಹಳದಿ, ಕೆಂಪು. ಸಲಹೆ. ಮತ್ತೆ ಹಸಿರು, ಹಳದಿ, ಕೆಂಪು. ಸಲಹೆ.

"ಇಲ್ನೋಡು ಖೈರೂ, ಇಲ್ಲಿ ನಿನ್ನ ಕೈ ನಾಕು ನಿಮಿಷ ನಿಂತೈತಿ. ಏನ್ ಮಾಡಾಕತ್ತಿದ್ದಿ?"

ಖೈರುನ್ನೀಸಾ ಬಗ್ಗಿ ನೋಡಿದಳು. "ವಿಚಾರ ಮಾಡಾಕತ್ತಿದ್ದೆ ರೀ. ಗುಂಡಿ ಒತ್ತಿದ ಮ್ಯಾಲ ಆ ಸುದ್ದಿ ಎಲ್ಲಿಗೆ ಹೋಗ್ತೈತಿ ಅಂತ. ಇನ್ನೇನ್ ಹೊಳೀತು ಅನ್ನೂದ್ರಾಗ ಉಂಗುರ ಗುಂಯ್ ಅಂತು. 'ಈ ಉಪಕರಣ ತಮಗೆ ಕಷ್ಟವಾಗುತ್ತಿದೆ, ಸುಲಭವಾದದ್ದನ್ನು ತೋರಿಸಲೇ?' ಅಂತ. ಅಷ್ಟು ನಯಾ ಮಾಡಿ ಕೇಳಿದ್ರ ಬ್ಯಾಡ ಅನ್ನೂದು ಹ್ಯಾಂಗ್ರಿ? ಹೂಂ ಅಂದೆ."

"ಪ್ರತಿ ಸಲ?"

"ಪ್ರತಿ ಸಲಾನೂ ಕೇಳ್ತಲ್ರಿ ಪಾಪ."

ಲೀಲಕ್ಕನಿಗೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದಂತಾಯಿತು. ಅಪ್ಪನ ಅಚ್ಚುಕೂಟದಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ಮೂರು ತಿಂಗಳು ಜೋಡಿಸುವ ಕೆಲಸವೇ ಇರಲಿಲ್ಲ. ಅಚ್ಚಾಗಿ ಮುಗಿದ ಪುಟವನ್ನು ಬಿಚ್ಚುವುದು, ಒಂದೊಂದು ಮೊಳೆಯನ್ನೂ ಓದಿ ಅದರ ಗೂಡಿಗೆ ಹಾಕುವುದು, ಅಷ್ಟೇ. ಲೀಲಳೂ ರಜೆಯಲ್ಲಿ ಹಾಗೆ ಬಿಚ್ಚುತ್ತಲೇ ಕಲಿತವಳು. ಒಮ್ಮೆ ಒಂದು ಮೊಳೆ ಹಿಡಿದು ಗೂಡು ತಿಳಿಯದೆ ಬಹಳ ಹೊತ್ತು ನಿಂತಿದ್ದಾಗ ಮಾಲೀಕರು ಗದರಿದ್ದರು. ಆಗ ಅಪ್ಪ ತಲೆಯೆತ್ತದೆಯೇ ಹೇಳಿದ್ದ: "ಇರ್ಲಿ ಬಿಡ್ರಿ. ಓಡೂ ಕೈ ಗೊತ್ತಿದ್ದದ್ದು ಮಾಡ್ತೈತಿ, ನಿಂತ ಕೈ ಗೊತ್ತಿಲ್ಲದ್ದು ಕಲೀತೈತಿ."

ಲೀಲಕ್ಕ ಎದ್ದು ಪಕ್ಕದ ಕೋಣೆಗೆ ಹೋದಳು. ಕೈಮರವನ್ನು ಕಟ್ಟಿದ ಡಾಕ್ಟರ್ ಶ್ರೀವತ್ಸ ಮೈಸೂರಿನ ಕಡೆಯವರು. ನಲವತ್ತು ತುಂಬಿಲ್ಲ, ಮೆಲುಮಾತಿನ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಲೀಲಮ್ಮ, ಸುಮ್ನೆ ನಿಂತಿರೋ ಕೈ ಯೋಚ್ನೆ ಮಾಡ್ತಿದ್ಯೋ, ಸೋತು ಕೂತಿದ್ಯೋ, ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು? ಹಿಂದೆ ಒಬ್ಬಾಕೆ ಹೀಗೇ ಕೈ ನಿಲ್ಲಿಸ್ಕೊಂಡು ಕೂತು ಕೂತು ತಲೆ ಸುತ್ತಿ ಬಿದ್ಬಿಟ್ರು. ಅದಕ್ಕೇ ಆ ನಾಲ್ಕು ನಿಮಿಷದ ನಿಯಮ ಹಾಕಿದ್ದು. ಯಾರಿಗೂ ನೋವಾಗ್ಬಾರ್ದು ಅಂತ."

"ನಿಮ್ಮ ಮನಸು ಒಳ್ಳೇದು ಸರ್, ಅದರಾಗ ಎರಡು ಮಾತಿಲ್ಲ. ಆದ್ರ ಅಡಿಗಿ ಕುದಿಯೂ ಮುಂದ ಇಳಿಸಿ ಇಳಿಸಿ ಬ್ಯಾರೆ ಬ್ಯಾರೆ ಪಾತ್ರಿಗೆ ಹಾಕಿದ್ರ ಬೇಯೂದು ಯಾವಾಗ?"

ಶ್ರೀವತ್ಸ ನಕ್ಕರು. "ಸರಿ. ಕೈಮರ ಎಂಟು ಸೂಚಿಸಿದೆ. ನೀವು ಎಷ್ಟು ಸೂಚಿಸ್ತೀರಿ?"

"ಮೂರು ಸಾಕು. ಒಂದು ಸಾದಾ ಬರೆಯೋ ಕಿಟಕಿ. ಪುಟದ ಒಳಗ ಹಣಿಕಿ ಹಾಕಿ ನೋಡೂದಕ್ಕ ಬ್ರೌಸರಿನ ಇನ್‌ಸ್ಪೆಕ್ಟರ್. ಮತ್ತ ನಮ್ಮ ಕಾಲದ ಆ ಗಿಟ್. ಇಟ್ಟ ಹೆಜ್ಜಿ ಎಲ್ಲಾ ನೆನಪಿಟ್ಕೊಂತೈತಲ್ಲ, ಕೆಡಿಸಿದ್ರೂ ಹಿಂದಕ ಬರಬಹುದು. ಕೆಡಿಸೋ ಧೈರ್ಯ ಬರಬೇಕು ಸರ್ ಮೊದಲ."

"ಗಿಟ್!" ಎಂದು ಶ್ರೀವತ್ಸ ಮ್ಯೂಸಿಯಮ್ಮಿನ ಹೆಸರು ಕೇಳಿದಂತೆ ಹುಬ್ಬೇರಿಸಿದರು. ಆದರೆ ಖೈರುನ್ನೀಸಾಳ ಉಂಗುರದ ಸಲಹೆಗಳನ್ನು ಹನ್ನೆರಡು ದಿನ ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಿದರು. "ಅಳತೆ ಮಾತ್ರ ನಡೀತಿರ್ಲಿ," ಎಂದರು. "ಪರೀಕ್ಷೆ ದಿನದ ನಿಯಮ ಮಾತ್ರ ನನ್ನ ಕೈಲಿಲ್ಲ."

ಮರುದಿನ ಲೀಲಕ್ಕ ಕೈಚೀಲದಲ್ಲಿ ಎರಡು ಕತ್ತರಿ ಹಾಕಿಕೊಂಡು ಲಕ್ಕುಂಡಿಗೆ ಹೋದಳು. ಖೈರುನ್ನೀಸಾಳ ಅತ್ತೆ ಹುಸೇನಬಿ ಹೊರಸಿನ ಮೇಲೆ ಕುಳಿತು ಮೊಮ್ಮಗಳ ತಲೆ ಬಾಚುತ್ತಿದ್ದಳು.

"ಕಂಪ್ಯೂಟರ್ ಕಲಸಾಕ ಕತ್ತರಿ ತಂದೀರಲ್ರೀ ಅಕ್ಕಾರ!"

"ಹೌದಬೇ. ಮೂರು ರೊಟ್ಟಿ ಬುಟ್ಟೀನೂ ಬೇಕು."

'ಹೆರಿಗೆ ಗಾಡಿ' ಪುಟದ ಸಾಲುಗಳೆಲ್ಲ ಕಾಗದದ ಮೇಲೆ ಮುದ್ರಣಗೊಂಡು ಬಂದಿದ್ದವು. ಲೀಲಕ್ಕ ಸಾಲಿಗೊಂದು ಚೀಟಿ ಕತ್ತರಿಸಲು ಹೇಳಿದಳು. ಪುಟದ ಎಲುಬು ಮೊದಲ ಬುಟ್ಟಿಗೆ: ಇಲ್ಲಿ ಹೆಸರು, ಇಲ್ಲಿ ಗುಂಡಿ. ಅದರ ಉಡುಗೆ ಎರಡನೆಯದಕ್ಕೆ: ಬಣ್ಣ, ಅಳತೆ. ಮೂರನೆಯದು ಚಲನೆಯ ಬುಟ್ಟಿ: ಒತ್ತಿದರೆ ಏನಾಗಬೇಕು, ಯಾರಿಗೆ ಸುದ್ದಿ ಹೋಗಬೇಕು. ಯಾವ ಚೀಟಿ ಯಾವ ಬುಟ್ಟಿಗೆ ಎಂದು ಗೊತ್ತಾಗದಿದ್ದರೆ ಕೈಯಲ್ಲೇ ಹಿಡಿದು ನಿಲ್ಲಬೇಕು. ಯಾರೂ ಹೇಳಿಕೊಡಬಾರದು. ಅದೊಂದೇ ನಿಯಮ.

ಮೊದಲ ದಿನ ಮುನ್ನೂರ ಹನ್ನೆರಡು ಚೀಟಿಗಳಲ್ಲಿ ತೊಂಬತ್ತು ತಪ್ಪು ಬುಟ್ಟಿ ಸೇರಿದವು. ಮೂರನೆಯ ದಿನ ಹನ್ನೊಂದು. ಐದನೆಯ ದಿನ ಎಲ್ಲ ಸರಿಯಾಗಿ ಬಿದ್ದಾಗ ಖೈರುನ್ನೀಸಾ ಅಂಗಳಕ್ಕೆ ಓಡಿಹೋಗಿ ಒಂದು ಸುತ್ತು ತಿರುಗಿ ಬಂದಳು. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಅವೇ ಸಾಲುಗಳನ್ನು ಕೈಯಾರೆ ಬರೆದು ಜೋಡಿಸಿದಳು. ಇನ್‌ಸ್ಪೆಕ್ಟರಿನಲ್ಲಿ ಇಣುಕಿ, ಬೇಕೆಂದೇ ಒಂದೊಂದನ್ನು ಕೆಡಿಸಿ, ಏನಾಯಿತೆಂದು ನೋಡಿ, ಗಿಟ್ ಹಿಡಿದು ಹಿಂದಕ್ಕೆ ಬಂದಳು. ತಿಮ್ಮಾಪುರದ ಗಾಡಿ ಒಮ್ಮೆ ಪುಟದಲ್ಲಿ ತಲೆಕೆಳಗಾಗಿ ನಿಂತಿತು. ಮನೆಯವರೆಲ್ಲ ಬಂದು ನೋಡಿ ನಕ್ಕು ಹೋದರು.

ಸಂಜೆಗೆ ಇನ್ನೊಂದು ಪಾಠ. ಅಂದು ಕಲಿತದ್ದನ್ನು ಕಂಪ್ಯೂಟರ್ ತಿಳಿಯದವರಿಗೆ ಬಾಯಲ್ಲಿ ಹೇಳಬೇಕು, ಅವರಿಗೆ ತಿಳಿಯುವವರೆಗೆ ಹೇಳಬೇಕು. ಆ ಜಾಗಕ್ಕೆ ಹುಸೇನಬಿಗಿಂತ ತಕ್ಕವರಿರಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಸೊಸೆ ಹಿಟ್ಟು ನಾದುತ್ತ ಹೇಳುತ್ತಿದ್ದಳು.

"...ಗುಂಡಿ ಒತ್ತಿದ್ರ ಸುದ್ದಿ ಗಾಡಿಯಾಂವಗ ಹೋಗ್ತೈತಿ ಅತ್ತಿ. ಆಂವ ಹೂಂ ಅಂದ್ರ ಪುಟದಾಗ 'ಗಾಡಿ ಹೊರಟಿತು' ಅಂತ ಬರ್ತೈತಿ."

"ಹೂಂ ಅನ್ನದಿದ್ರ?"

"ಅನ್ನೂತನಕ ಕಾಯ್ತೈತಿ."

"ಎಷ್ಟೊತ್ತು?"

ಖೈರುನ್ನೀಸಾಳ ಕೈ ಹಿಟ್ಟಿನಲ್ಲೇ ನಿಂತಿತು.

"ಆಂವ ಮಲಗಿದ್ದಾನೋ, ಫೋನು ಬಿದ್ದೈತೋ," ಎಂದಳು ಹುಸೇನಬಿ. "ಬ್ಯಾನಿ ತಿನ್ನಾಕಿ ಗುಂಡಿ ನೋಡ್ಕೋತ ಕುಂದರಬೇಕೇನು? ನಾನಾಗಿದ್ರ ಬಾಜೂ ಮನಿಯಾಂವನ್ನ ಎಬ್ಬಿಸ್ತಿದ್ದೆ."

ಸೊಸೆಯ ಕಣ್ಣು ಗೋಡೆಯ ಮೇಲಿತ್ತು, ಗೋಡೆ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ. ಹುಸೇನಬಿ ಇನ್ನೇನೋ ಹೇಳಬೇಕೆಂದು ಬಾಯಿ ತೆರೆದು, ಲೀಲಕ್ಕನ ಮುಖ ನೋಡಿ ಮುಚ್ಚಿಕೊಂಡಳು. ಮೆಲ್ಲಗೆ ಹಂಚು ಇಳಿಸಿದಳು. ಅಳುವುದಕ್ಕೆ ಶುರುಮಾಡಿದ್ದ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ನಡೆದಳು. ಯಾರೂ ಕಲಿಸಿಕೊಡದ ಈ ಸೂಕ್ಷ್ಮಕ್ಕೆ ಲೀಲಕ್ಕನ ಕಣ್ಣು ಒದ್ದೆಯಾಯಿತು. ಕಾಲು ಗಂಟೆಯಾದ ಮೇಲೆ ಖೈರುನ್ನೀಸಾ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನಾಲ್ಕು ಸಾಲು ಬರೆದಳು: ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮುಂದಿನ ಗಾಡಿಗೆ ಸುದ್ದಿ ಹೋಗಲಿ. ಕೀಲಿಮಣೆಯ ತುಂಬ ಜೋಳದ ಹಿಟ್ಟು.

ಪರೀಕ್ಷೆ ಮರುವಾರದ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಖೈರುನ್ನೀಸಾ ಗಾಜಿನಾಚೆಯ ಕೋಣೆಯಲ್ಲಿ ಒಬ್ಬಳೇ ಕುಳಿತಳು. ಅವಳ ಪುಟವನ್ನು ಮೂರು ಕಡೆ ಕೆಡಿಸಿ ಕೊಡಲಾಗಿತ್ತು. ಒಂದು ಗಂಟೆಯೊಳಗೆ ಯಂತ್ರದ ನೆರವಿಲ್ಲದೆ ಸರಿಮಾಡಬೇಕು. ಈಚೆ ಲೀಲಕ್ಕ ಮತ್ತು ಶ್ರೀವತ್ಸ ದೀಪ ನೋಡುತ್ತ ಕುಳಿತರು. ಪರೀಕ್ಷೆಯ ದಿನ ಹತ್ತು ನಿಮಿಷ ಸತತ ಕೆಂಪು ಉರಿದರೆ ಕೈಮರವೇ ಪರೀಕ್ಷೆ ಮುಗಿಸಿಬಿಡುತ್ತದೆ.

ಮೊದಲನೆಯದು ಉಡುಗೆಯ ಬುಟ್ಟಿಯ ತಪ್ಪು. ಆರು ನಿಮಿಷದಲ್ಲಿ ಸರಿಹೋಯಿತು. ಎರಡನೆಯದು ಎಲುಬಿನದು, ಗುಂಡಿಯೇ ತನ್ನ ಜಾಗದಲ್ಲಿರಲಿಲ್ಲ. ಅದೂ ಆಯಿತು. ಮೂರನೆಯದಕ್ಕೆ ಬಂದಾಗ ಪುಟ ನೋಡಲು ಸರಿಯಾಗಿತ್ತು, ಗುಂಡಿಯೂ ಇತ್ತು, ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಖೈರುನ್ನೀಸಾಳ ಕೈ ನಿಂತಿತು.

ಹಳದಿ. ಕೆಂಪು.

ಎಂಟು ನಿಮಿಷವಾಯಿತು. "ಅಯ್ಯೋ, ಛೇ," ಎಂದರು ಶ್ರೀವತ್ಸ. ಒಂಬತ್ತು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: 'ಪರೀಕ್ಷೆ ಮುಂದುವರಿಸಲು ಕಾರಣವಿದೆಯೇ?' ಕೆಳಗೆ ಪಟ್ಟಿ. ವಿದ್ಯುತ್ ಹೋಗಿದೆ. ಉಂಗುರ ಕೆಟ್ಟಿದೆ. ಅಭ್ಯರ್ಥಿ ಶೌಚಕ್ಕೆ ಹೋಗಿದ್ದಾರೆ. ಇತರೆ.

"ವಿಚಾರ ಮಾಡಾಕತ್ತಾರ ಅಂತ ಇಲ್ಲೇನ್ ಸರ್ ಅದರಾಗ?"

"ಇಲ್ಲ ಲೀಲಮ್ಮ." ಅವರ ಮುಖ ಸಪ್ಪಗಾಗಿತ್ತು. "ಅದನ್ನ ಹಾಕ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಲೀಲಕ್ಕ ಗಾಜಿನಾಚೆ ನೋಡಿದಳು. ನಿಂತ ಕೈ. ಅದರ ಪಕ್ಕದಲ್ಲಿ ಬುತ್ತಿ ಇಡುವ ಎಂಟು ವರ್ಷದ ಹುಡುಗಿ. ತಾಗಿದ ಬೆರಳು.

"ಸರ್, ಉಂಗುರ ಬೆರಳಿನ ಬಿಸೀನೂ ಅಳೀತೈತಿ ಅಂದಿದ್ರಲ್ಲ. ಎಷ್ಟೈತಿ ನೋಡ್ರಿ, ಲಗೂನ!"

ಶ್ರೀವತ್ಸ ತಡಕಾಡಿ ಆ ಅಂಕಿ ತೆರೆದರು. "ಮೂವತ್ನಾಲ್ಕು ಡಿಗ್ರಿ. ಬೆಚ್ಚಗಿದೆ."

"ತಲಿ ತಿರುಗಿ ಬಿದ್ದಾಕೀದು ಎಷ್ಟಿತ್ತು?"

ಅವರು ಹಳೆಯ ದಾಖಲೆ ತೆಗೆದು ನೋಡಿದರು. "ಇಪ್ಪತ್ತಾರು. ತಣ್ಣಗೆ... ಲೀಲಮ್ಮ, ಹೆದರಿದ ಕೈ ತಣ್ಣಗಾಗುತ್ತೆ. ಇದು ಮೊದಲಿಂದ್ಲೂ ನಮ್ಮ ಹತ್ರಾನೇ ಇತ್ತು, ಕೇಳಿದವರೇ ಇಲ್ಲ." ಹೇಳುತ್ತಲೇ ಅವರು 'ಇತರೆ' ಒತ್ತಿ ಎರಡೇ ಪದ ಬರೆದರು: ಕೈ ಬೆಚ್ಚಗಿದೆ.

ಹತ್ತನೆಯ ನಿಮಿಷ ದಾಟಿತು. ಹನ್ನೆರಡು. ಹದಿನಾಲ್ಕು. ಶ್ರೀವತ್ಸ ಸದ್ದಾಗದಂತೆ ಎದ್ದು ಲೀಲಕ್ಕನ ಮುಂದೆ ಒಂದು ಲೋಟ ನೀರಿಟ್ಟು ಕುಳಿತರು. ಹದಿನಾರನೆಯ ನಿಮಿಷಕ್ಕೆ ಖೈರುನ್ನೀಸಾ ತನಗೆ ತಾನೇ ಏನೋ ಹೇಳಿಕೊಳ್ಳುವುದು ಕಂಡಿತು. ತುಟಿ ನೋಡಿಯೇ ಲೀಲಕ್ಕನಿಗೆ ಗೊತ್ತಾಯಿತು, ಅವಳು ಅತ್ತೆಗೆ ಹೇಳುತ್ತಿದ್ದಾಳೆ. ಗುಂಡಿ ಒತ್ತಿದ್ರ ಸುದ್ದಿ ಹೋಗ್ತೈತಿ ಅತ್ತಿ. ಎಲ್ಲಿಗೆ? ಗಾಡಿಗೆ. ಯಾವ ದಾರಿಲೆ?

ಕೈ ಓಡಿತು. ಸುದ್ದಿ ಹೋಗುವ ವಿಳಾಸವನ್ನೇ ಬದಲಿಸಿಟ್ಟಿದ್ದರು. ಅವಳು ಅದನ್ನು ಸರಿಮಾಡಿ ಗುಂಡಿ ಒತ್ತಿದಳು.

'ಗಾಡಿ ಹೊರಟಿತು.'

ಗೋಡೆಯ ದೀಪ ಹಳದಿಯನ್ನು ಮುಟ್ಟದೆ ಕೆಂಪಿನಿಂದ ನೇರ ಹಸಿರಿಗೆ ಹಾರಿತು. ಶ್ರೀವತ್ಸ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿಬಿಟ್ಟರು. ಗಾಜಿನಾಚೆ ಖೈರುನ್ನೀಸಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ, ಇಬ್ಬರಿಗೂ ತಿಳಿಯಲಿಲ್ಲ. ಹೊರಗೆ ಬಂದವಳೇ ಮೊದಲು ಕೇಳಿದ್ದು, "ಪುಟ ಉಳೀತೇನ್ರಿ?"

"ಉಳೀತು," ಎಂದಳು ಲೀಲಕ್ಕ. "ಇನ್ನು ಮಾರಿ ತೊಳ್ಕೊಂಡು ಬಾ."

ಮುಂದಿನ ವಾರ ಶ್ರೀವತ್ಸ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದರು. ಬೆಚ್ಚಗೆ ನಿಂತಿದ್ದ ಕೈಗಳನ್ನು ಕೈಮರ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಎಬ್ಬಿಸಿ ಬೇರೆ ದಾರಿಗೆ ಅಟ್ಟಿತ್ತು. ಆ ಕಲಿಕೆದಾರರಿಗೆಲ್ಲ ಅವರು ತಾವೇ ಕುಳಿತು ಪತ್ರ ಬರೆದರು. 'ನೀವು ಸೋತಿರಲಿಲ್ಲ. ನಾವು ಅವಸರ ಮಾಡಿದೆವು. ದಯವಿಟ್ಟು ಮತ್ತೆ ಬನ್ನಿ.' ಬಹಳ ಮಂದಿ ಬಂದರು. ಕೈಮರ ಸೂಚಿಸುವ ವಿಧಾನಗಳ ಪಟ್ಟಿಗೆ 'ಬಿಚ್ಚಿ ಜೋಡಿಸಿ' ಎಂಬುದೊಂದು ಸೇರಿತು. ಗದಗ ಪೇಟೆಯಲ್ಲಿ ಒಂದು ತಿಂಗಳು ರೊಟ್ಟಿ ಬುಟ್ಟಿಗಳೇ ಸಿಗಲಿಲ್ಲವೆಂದು ಹುಸೇನಬಿ ಊರೆಲ್ಲ ಹೇಳಿಕೊಂಡು ನಕ್ಕಳು.

ಇನ್ನು ಉಳಿದದ್ದು ಹೊಸ ದೀಪದ ಕೆಲಸ. ಬೆಚ್ಚಗೆ ನಿಂತ ಕೈಗೆ ನೀಲಿ ಬಣ್ಣ. ನೀಲಿ ಉರಿಯುವಾಗ ಕೈಮರ ಸುಮ್ಮನಿರಬೇಕು. "ಆ ನಿಯಮ ನೀವೇ ಬರೀಬೇಕು ಲೀಲಮ್ಮ," ಎಂದು ಶ್ರೀವತ್ಸ ಪಟ್ಟು ಹಿಡಿದರು. ಕೈಮರದ ಒಳಗಿನ ಭಾಷೆ ಲೀಲಕ್ಕನಿಗೆ ತೀರ ಹೊಸದು. ಈ ವಯಸ್ಸಿನಲ್ಲಿ ಅವಳು ಬೆರಳಿಗೆ ಉಂಗುರ ಹಾಕಿಕೊಂಡಳು. ಕೈಮರ ಅವಳನ್ನು ಮೂರು ದಿನ ಅಳೆದು ಬಹಳ ನಯವಾಗಿ ಸೂಚಿಸಿತು: 'ತಮಗೆ ಬಿಚ್ಚಿ ಜೋಡಿಸುವ ವಿಧಾನ ಒಗ್ಗಬಹುದು.' ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಕತ್ತರಿ ಹುಡುಕಲು ಎದ್ದಳು.

ಹತ್ತು ದಿನದ ಮೇಲೆ ಆ ನಿಯಮ ಮೊದಲ ಸಲ ಜೀವ ಹಿಡಿಯಿತು. ಇನ್ನೂ ಒಂದು ತೊಡಕು ಉಳಿದಿತ್ತು. ಬೆಚ್ಚಗಿದ್ದ ಕೈ ನಡುವೆ ತಣ್ಣಗಾದರೆ ಕೈಮರ ಯಾವಾಗ ಮಾತಾಡಬೇಕು? ಲೀಲಕ್ಕ ಒಂದು ಚೀಟಿ ಹಿಡಿದು ಮೇಜಿನ ಮುಂದೆ ಕುಳಿತಿದ್ದಳು. ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯದು. ಗಿರಣಿಯ ಎತ್ತರದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೆಲಕ್ಕೆ ಇಳಿದಿತ್ತು. ಗೋಡೆಯ ಮೂಲೆಯಲ್ಲಿ ಅವಳ ಹೆಸರಿನ ದೀಪ ನೀಲಿಯಾಗಿ ಉರಿಯುತ್ತಿತ್ತು.

ಖೈರುನ್ನೀಸಾ ಬಾಗಿಲಲ್ಲಿ ಚಪ್ಪಲಿ ಕಳಚಿದಳು. ತಿಮ್ಮಾಪುರದಲ್ಲಿ ಹಿಂದಿನ ದಿನ ಹುಟ್ಟಿದ ಅವಳಿಜವಳಿಯ ಸುದ್ದಿ ನಾಲಿಗೆ ತುದಿಗೆ ಬಂದಿತ್ತು. ಮೊದಲ ಗಾಡಿಯವನು ಉತ್ತರ ಕೊಡದಿದ್ದಾಗ ಎರಡನೆಯ ಗಾಡಿ ಹೊರಟ ಕಥೆಯೂ ಅದರ ಜೊತೆಗಿತ್ತು. "ಲೀಲ..." ಎಂದವಳು ಗೋಡೆಯ ದೀಪ ನೋಡಿ ಅಲ್ಲೇ ನುಂಗಿಕೊಂಡಳು.

ಬರಿಗಾಲಲ್ಲಿ ಮೆಲ್ಲಗೆ ಬಂದಳು. ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮೇಜಿನ ಮೇಲಿಟ್ಟು ಲೀಲಕ್ಕನ ಕೈಯ ಹತ್ತಿರಕ್ಕೆ ಸರಿಸಿದಳು. ಸರಿಸುವಾಗ ಬೆರಳು ತಾಗಿತು. ಬೆಚ್ಚಗಿತ್ತು. ಅವಳು ಬಂದಷ್ಟೇ ಸದ್ದಿಲ್ಲದೆ ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.